ತಾಲೂಕಿಗೊಬ್ಬ ಹೀರೋ ಸಿಕ್ಕ, ಕತೆ ಎಲ್ಲಿ ಹೋಯಿತು?

ಕಾಳಿದಂಡೆ (ಕಾರವಾರ), ಭಾನುವಾರ ರಾತ್ರಿ

ನಮಸ್ಕಾರ. ನಾವು ನಾಲ್ವರು ಗೆಳೆಯರು ಸೇರಿ ಕನ್ನಡದಲ್ಲಿ ಒಂದು ಸೂಪರ್‌ಹೀರೋ ಕಾಮಿಕ್ಸ್ ಮಾಡುತ್ತಿದ್ದೇವೆ ಎಂದು ಹಿಂದೊಮ್ಮೆ ಇಲ್ಲಿ ಹೇಳಿದ್ದೆ. ಈಗ ಆರು ಸಂಚಿಕೆ ಆಗಿವೆ. ಒಂದೊಂದೂ 16 ಪುಟ, ಕಪ್ಪು-ಬಿಳುಪು, ಜೆರಾಕ್ಸ್ ಮಾಡಿಸಿ ನಡುವೆ ಪಿನ್ ಹೊಡೆದದ್ದು. ಮೊದಲನೆಯದು 200 ಪ್ರತಿ ಮಾಡಿಸಿದ್ದೆವು, ಎಲ್ಲ ಖರ್ಚಾಯಿತು. ಆರನೆಯದೂ 200 ಮಾಡಿಸಿದೆವು. ಅದರಲ್ಲಿ 140 ನನ್ನ ಮಂಚದ ಕೆಳಗಿವೆ. ಅಮ್ಮ ಕಸ ಗುಡಿಸುವಾಗಲೆಲ್ಲ "ಇದನ್ನ ರದ್ದಿಗೆ ಹಾಕಲಾ?" ಎಂದು ಕೇಳುತ್ತಾಳೆ.

ಓದಿದವರೆಲ್ಲ ಹೇಳುವುದು ಒಂದೇ ಮಾತು. ಚಿತ್ರ ಚೆನ್ನಾಗಿದೆ, ಕತೆ ಎಲ್ಲಿಗೆ ಹೊರಟಿದೆ ಗೊತ್ತಾಗುವುದಿಲ್ಲ.

ನಮ್ಮ ಹೀರೋಗಳ ತಂಡದಲ್ಲಿ ಎಂಟು ಜನ, ಎಲ್ಲರೂ ಉತ್ತರ ಕನ್ನಡ ಜಿಲ್ಲೆಯ ಬೇರೆ ಬೇರೆ ತಾಲೂಕಿನವರು. ಕಾರವಾರದ ಬೈತಖೋಲ್ ಬಂದರಿನ ಹುಡುಗ, ನೀರಿನೊಳಗಿನ ಸದ್ದು ಅವನಿಗೆ ಎಷ್ಟು ದೂರದಿಂದಲೂ ಕೇಳುತ್ತದೆ. ಶಿರಸಿಯ ಕೊನೆಗೌಡ (ಅಡಿಕೆ ಗೊನೆ, ಅಂದರೆ ಕೊನೆ, ಕೊಯ್ಯುವವನು), ಅಡಿಕೆ ಮರದಿಂದ ಮರಕ್ಕೆ ಜಿಗಿಯುವವನು. ಯಾಣದ ಬಂಡೆ ಹುಡುಗಿ ಕುಮಟಾ ಪಾಲು. ಅಂಕೋಲೆಯವಳಿಗೆ ಉಪ್ಪಿನ ಶಕ್ತಿ, 1930ರ ಉಪ್ಪಿನ ಸತ್ಯಾಗ್ರಹದ ನೆನಪಿಗೆ. ಹೊನ್ನಾವರದವನು ಚಂಡೆ ಬಾರಿಸಿದರೆ ಗೋಡೆ ಬಿರುಕು ಬಿಡುತ್ತದೆ. ದಾಂಡೇಲಿಯವನು ಮಂಗಟ್ಟೆ ಹಕ್ಕಿಗಳ ಜೊತೆ ಮಾತಾಡುತ್ತಾನೆ. ಇನ್ನಿಬ್ಬರನ್ನು ನೆನಪು ಮಾಡಿಕೊಳ್ಳಲು ನಾನೇ ಹಳೆಯ ಸಂಚಿಕೆ ತೆಗೆದು ನೋಡಬೇಕಾಯಿತು. ಅಲ್ಲೇ ಏನೋ ತಪ್ಪಾಗಿದೆ ಅಂತ ಅನಿಸಿತು. (ಕೈಗಾದಿಂದ ಶಕ್ತಿ ಬಂದವನು ಬೇಡ ಎಂದು ಮಾತ್ರ ಮೊದಲ ದಿನವೇ ತೀರ್ಮಾನಿಸಿದ್ದೆವು. ಅಷ್ಟು ಬುದ್ಧಿ ಇತ್ತು.)

ಕತೆ ಹೀಗಿದೆ. ಒಂದನೇ ಸಂಚಿಕೆಯಲ್ಲಿ ಸಮುದ್ರದ ಮೀನು ಮಾಯ. ಎರಡರಲ್ಲಿ ಸದಾಶಿವಗಡದ ಕೋಟೆಯಲ್ಲಿ ಕಾಲದ ಬಾಗಿಲು. ಮೂರರಲ್ಲಿ ಎಲ್ಲರೂ ಕದಂಬರ ಕಾಲಕ್ಕೆ ಹೋಗುತ್ತಾರೆ. ನಾಲ್ಕರಲ್ಲಿ ಗುಡ್ಡ ಕುಸಿತ, ಕೊನೆಯ ಪುಟದಲ್ಲಿ ಅನ್ಯಗ್ರಹದವರು. ಐದು ಪೂರ್ತಿ ಪ್ರೇಮ. ಆರರಲ್ಲಿ ನಮ್ಮ ಕಡಲತೀರದ ಚಾಪಲ್ ಯುದ್ಧನೌಕೆ ತಾನಾಗಿ ಎದ್ದು ಹಾರುತ್ತದೆ. ಮೀನು ಎಲ್ಲಿ ಹೋಯಿತು ಎಂದು ಇದುವರೆಗೆ ಯಾರಿಗೂ ತಿಳಿದಿಲ್ಲ. ನಮಗೂ.

ಎಲ್ಲಿ ತಪ್ಪಿದೆವು? ಮುಲಾಜಿಲ್ಲದೆ ಹೇಳಿ.


ಬಂಗಡೆ_ಫ್ರೈ

ತಾಲೂಕಿಗೊಬ್ಬ ಪ್ರತಿನಿಧಿ, ಎಲ್ಲರಿಗೂ ಎರಡು ನಿಮಿಷ ಮಾತು, ಕೊನೆಗೆ ಏನೂ ತೀರ್ಮಾನ ಇಲ್ಲ. ಇದು ಕಾಮಿಕ್ಸ್ ಅಲ್ಲ ಮಾರಾಯ, ಕೆಡಿಪಿ ಸಭೆ.


ಭಟ್ಕಳ_ಲೋಕಲ್

ಜಿಲ್ಲೆಯಲ್ಲಿ 12 ತಾಲೂಕು. ಹೀರೋಗಳು ಎಂಟು. ಭಟ್ಕಳದವನು ಎಲ್ಲಿ?


ಕಾಳಿದಂಡೆ

@ಭಟ್ಕಳ_ಲೋಕಲ್ ಇದೇ ಕಷ್ಟ ನೋಡಿ. ಮೊದಲ ಸಂಚಿಕೆಯಲ್ಲಿ ಮೂವರೇ ಇದ್ದರು. ಪ್ರತಿ ಸಲ ಯಾರಾದರೂ "ನಮ್ಮ ಊರಿನವರು ಇಲ್ವಾ" ಎಂದು ಕೇಳುತ್ತಿದ್ದರು. ನಾವು ಒಬ್ಬೊಬ್ಬರನ್ನೇ ಸೇರಿಸುತ್ತಾ ಹೋದೆವು. ಏಳನೆಯದರಲ್ಲಿ ಭಟ್ಕಳ, ಮುಂಡಗೋಡ ಎರಡೂ ಬರುವುದಿತ್ತು.


ಹಳೇ_ಸಂಚಿಕೆ (ಶಿರಸಿ), ಸೋಮವಾರ ಬೆಳಿಗ್ಗೆ

ತಮ್ಮಾ, ನಾಲ್ಕು ಸಂಚಿಕೆ ನನ್ನ ಹತ್ತಿರ ಇವೆ. ಎರಡೆರಡು ಸಲ ಓದಿದೆ. ಜನ ಜಾಸ್ತಿಯಾದರು ಎನ್ನುವುದೇ ರೋಗ ಅಂತ ನನಗೆ ಅನಿಸುವುದಿಲ್ಲ. ತಂಡದ ಕಾಮಿಕ್ಸ್ ಹುಟ್ಟಿದಾಗಿನಿಂದ ಈ ತೊಂದರೆ ಇದೆ, ಒಬ್ಬೊಬ್ಬರು ಒಂದೊಂದು ದಾರಿ ಹುಡುಕಿದ್ದಾರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಚಹಾ ಇಟ್ಟುಕೊಂಡು ಓದಿ.

ಅಮೆರಿಕದಲ್ಲಿ ಸೂಪರ್‌ಹೀರೋಗಳ ಮೊದಲ ತಂಡ ಜಸ್ಟಿಸ್ ಸೊಸೈಟಿ, 1940. ಅಲ್ಲಿ ಅವರು ಮಾಡಿದ್ದೇನು? ಎಲ್ಲರೂ ಮೇಜಿನ ಸುತ್ತ ಕೂತರು, ಒಬ್ಬೊಬ್ಬರೂ ತಮ್ಮ ಸಾಹಸ ಹೇಳಿದರು, ಮುಗಿಯಿತು. ತಂಡ ಎನ್ನುವುದು ಹೆಸರಿಗೆ ಮಾತ್ರ. ಅದನ್ನು ಬರೆದ ಗಾರ್ಡ್ನರ್ ಫಾಕ್ಸ್ ಅವರೇ 1960ರಲ್ಲಿ ಜಸ್ಟಿಸ್ ಲೀಗ್ ಶುರು ಮಾಡಿದರು. ಅಲ್ಲೂ ಅದೇ ಹಳೆಯ ಉಪಾಯ, ಸ್ವಲ್ಪ ತಿದ್ದಿ. ಮೊದಲು ಎಲ್ಲರೂ ಸೇರುತ್ತಾರೆ, ಆಮೇಲೆ ಇಬ್ಬರು ಮೂವರಾಗಿ ಬೇರೆ ಬೇರೆ ಕಡೆ ಹೋಗುತ್ತಾರೆ, ಕೊನೆಗೆ ಮತ್ತೆ ಒಂದಾಗಿ ಖಳನನ್ನು ಹಿಡಿಯುತ್ತಾರೆ. ಇವತ್ತು ಓದಿದರೆ ಲೆಕ್ಕದ ಪುಸ್ತಕದ ಹಾಗಿದೆ. ಆದರೆ ಓದುಗ ಎಲ್ಲೂ ದಾರಿ ತಪ್ಪುವುದಿಲ್ಲ. ನಿಮ್ಮ ಮೂರನೇ ಸಂಚಿಕೆಯಲ್ಲಿ ಎಂಟೂ ಜನ ಬನವಾಸಿಯ ಬೀದಿಯಲ್ಲಿ ಸುಮ್ನೆ ನಿಂತಿದ್ದಾರೆ. ಅವರಲ್ಲಿ ಆರು ಜನರಿಗೆ ಅಲ್ಲಿ ಏನೂ ಕೆಲಸ ಇಲ್ಲ.

ಇದಕ್ಕಿಂತ ಮುಖ್ಯವಾದ ಪಾಠ 1963ರ ಅವೆಂಜರ್ಸ್‌ನಲ್ಲಿದೆ. ಥಾರ್, ಐರನ್ ಮ್ಯಾನ್, ಆಂಟ್-ಮ್ಯಾನ್, ವಾಸ್ಪ್, ಹಲ್ಕ್. ದೊಡ್ಡ ಹೆಸರುಗಳು. ಆದರೆ ಥಾರ್‌ಗೂ ಐರನ್ ಮ್ಯಾನ್‌ಗೂ ಬೇರೆ ಪತ್ರಿಕೆಯಲ್ಲಿ ಅವರದೇ ಕತೆ ನಡೆಯುತ್ತಿತ್ತು. ಅವರ ಪ್ರೀತಿ, ಜಗಳ, ಸಂಕಟ ಎಲ್ಲ ಅಲ್ಲಿ. ತಂಡದ ಪುಸ್ತಕಕ್ಕೆ ಬರುವಾಗ ಅವರು ನೆಂಟರ ಮನೆಗೆ ಬಂದ ಹಾಗೆ ಬರುತ್ತಿದ್ದರು. ಇಲ್ಲಿ ಅವರಿಗೆ ಏನೂ ಆಗುವಂತಿಲ್ಲ. ಏನಾದರೂ ಆದರೆ ಆ ಪುಸ್ತಕ ಕೆಡುತ್ತದೆ. 1965ರಲ್ಲಿ, 16ನೇ ಸಂಚಿಕೆಯಲ್ಲಿ, ಅದನ್ನು ಬರೆಯುತ್ತಿದ್ದ ಸ್ಟ್ಯಾನ್ ಲೀ ಹಳಬರನ್ನೆಲ್ಲ ಮನೆಗೆ ಕಳಿಸಿಬಿಟ್ಟರು. ನಾಲ್ಕನೇ ಸಂಚಿಕೆಯಲ್ಲಿ ಸೇರಿದ್ದ ಕ್ಯಾಪ್ಟನ್ ಅಮೆರಿಕಾ ಒಬ್ಬ ಉಳಿದ. ಅವನ ಜೊತೆಗೆ ಹಾಕ್‌ಐ, ಕ್ವಿಕ್‌ಸಿಲ್ವರ್, ಸ್ಕಾರ್ಲೆಟ್ ವಿಚ್. ಮೂವರೂ ಮೊದಲು ಎದುರು ಪಾರ್ಟಿಯಲ್ಲಿ ಇದ್ದವರು, ಮೂವರಿಗೂ ಸ್ವಂತ ಪುಸ್ತಕ ಇಲ್ಲ. ಅವರಿಗೆ ಆಗುವುದೆಲ್ಲ ಇಲ್ಲೇ ಆಗಬೇಕು. ಹಾಕ್‌ಐ ನಾಯಕನ ಮಾತಿಗೆ ಎದುರಾಡಿದರೆ ಅದರ ಪರಿಣಾಮ ಮುಂದಿನ ತಿಂಗಳು ಇದೇ ಪುಸ್ತಕದಲ್ಲಿ ಕಾಣುತ್ತದೆ. ಶಕ್ತಿ ಕಡಿಮೆಯಾಯಿತು, ಕತೆ ಬಂತು.

ಎಕ್ಸ್-ಮೆನ್ ಇನ್ನೂ ಒಳ್ಳೆಯ ಉದಾಹರಣೆ. 1970ರಲ್ಲಿ ಅದರ ಹೊಸ ಕತೆಗಳು ನಿಂತೇ ಹೋಗಿದ್ದವು, ಐದು ವರ್ಷ ಹಳೆಯದನ್ನೇ ಮರುಮುದ್ರಣ ಮಾಡಿದರು. 1975ರಲ್ಲಿ ಲೆನ್ ವೀನ್, ಡೇವ್ ಕಾಕ್ರಮ್ ಹೊಸ ತಂಡ ಕಟ್ಟಿದರು. ಆ ವಿಶೇಷ ಸಂಚಿಕೆಯಲ್ಲಿ ಹಳಬರು, ಹೊಸಬರು ಸೇರಿ ಒಂದು ಜಾತ್ರೆಯಷ್ಟು ಜನ. ಆದರೆ ಕೂಡಲೇ ಕತ್ತರಿ ಹಾಕಿದರು. ಮುಂದಿನ ಸಂಚಿಕೆಯಲ್ಲೇ ಸೈಕ್ಲಾಪ್ಸ್ ಒಬ್ಬನನ್ನು ಬಿಟ್ಟು ಹಳೆಯ ತಂಡದವರು ಹೊರಟರು. ಅದರ ಮುಂದಿನದರಲ್ಲಿ ಹೊಸಬರಲ್ಲೇ ಒಬ್ಬ ಸತ್ತ. ನೀವು ಆರು ಸಂಚಿಕೆಯಲ್ಲಿ ಒಬ್ಬರನ್ನೂ ಕಳಿಸಿಲ್ಲ, ಗಮನಿಸಿದ್ದೀರಾ? ಬರುವವರು ಬರುತ್ತಲೇ ಇದ್ದಾರೆ.


ದೇವಬಾಗ್_ಮರಳು

ಎಕ್ಸ್-ಮೆನ್ ಮಾತು ಬಂತಲ್ಲ, ಅದಕ್ಕೇ ಕೇಳುತ್ತೇನೆ. ನಾನು ಅದನ್ನು ಓದಿದ್ದೇ ಅದು ಹರಡಿಕೊಂಡಿದೆ ಅಂತ. ಒಂದು ಕಡೆ ಹೊಡೆದಾಟ, ನಡುವೆ ಎರಡು ಪ್ಯಾನೆಲ್‌ನಲ್ಲಿ ಬೇರೆ ಯಾರದೋ ಕತೆ, ಅದು ಮತ್ತೆ ಬರುವುದು ಆರು ತಿಂಗಳ ಮೇಲೆ. ಎಲ್ಲವೂ ನೇರ ಗೆರೆಯ ಹಾಗೆ ಇರಬೇಕು ಎಂದರೆ ತಂಡ ಯಾಕೆ ಬೇಕು? ಒಬ್ಬನ ಕತೆ ಬರೆದರೆ ಸಾಕಲ್ಲ. ಕಾಳಿದಂಡೆ, ಇವರ ಮಾತು ಕೇಳಿ ಎಲ್ಲ ಕತ್ತರಿಸಿಬಿಡಬೇಡಿ.


ಹಳೇ_ಸಂಚಿಕೆ

ಸರಿಯಾದ ಪ್ರಶ್ನೆ. ಆದರೆ ಒಂದು ವ್ಯತ್ಯಾಸ ಇದೆ. ಎಕ್ಸ್-ಮೆನ್ ತಂಡದ ಜೀನ್ ಗ್ರೇ ಎನ್ನುವವಳು ಫೀನಿಕ್ಸ್ ಎಂಬ ಮಹಾಶಕ್ತಿ ಆಗಿದ್ದು 1976ರಲ್ಲಿ, 101ನೇ ಸಂಚಿಕೆ. ಅವಳ ಸಾವು 1980ರಲ್ಲಿ, 137ನೇ ಸಂಚಿಕೆ. ನಾಲ್ಕು ವರ್ಷ! ಆದರೆ ಎರಡನ್ನೂ ಬರೆದವರು ಒಬ್ಬರೇ, ಕ್ರಿಸ್ ಕ್ಲೇರ್‌ಮಾಂಟ್. ಅವರು 1975ರಿಂದ 1991ರವರೆಗೆ ಆ ಪುಸ್ತಕ ಬಿಡಲಿಲ್ಲ. ಬಿತ್ತಿದವರಿಗೇ ಎಲ್ಲಿ ಬಿತ್ತಿದ್ದೇನೆ ಎಂದು ನೆನಪಿತ್ತು. (ಎಲ್ಲ ಮೊಳಕೆಯೂ ಬೆಳೆಯಲಿಲ್ಲ, ಅದೂ ನಿಜ. ಅವರೂ ಕೆಲವು ಎಳೆಗಳನ್ನು ಹಾಗೇ ಬಿಟ್ಟಿದ್ದಾರೆ.) ಇನ್ನೊಂದು, ಆ ತಿಂಗಳ ಸಂಚಿಕೆಗೆ ಅದರದೇ ಒಂದು ವಿಷಯ ಇರುತ್ತಿತ್ತು. ಎರಡು ಪ್ಯಾನೆಲ್ ಬೇರೆ ಕಡೆ ಹೋದರೂ ಉಳಿದದ್ದು ಅಲ್ಲೇ ನಿಂತಿರುತ್ತಿತ್ತು.

ಕಾಳಿದಂಡೆಯವರ ಮೀನು ಹೋಗಿ ಐದು ಸಂಚಿಕೆ ಆಯಿತು. ಎರಡು ಪ್ಯಾನೆಲ್ ಕೂಡ ಅದನ್ನು ನೆನೆಸಿಕೊಂಡಿಲ್ಲ.


ಗೇರುಸೊಪ್ಪೆ_ಗಾಳಿ (ಹೊನ್ನಾವರ)

ನಿಮಗೆಲ್ಲ ಅಮೆರಿಕ ಯಾಕೆ ಬೇಕು ಮಾರಾಯ್ರೇ? ನಮ್ಮ ಮನೆ ಹಿಂದಿನ ಗದ್ದೆಯಲ್ಲೇ ಉತ್ತರ ಇದೆ.

ಬಡಗುತಿಟ್ಟಿನ ಯಕ್ಷಗಾನದಲ್ಲಿ ಪಾಂಡವರ ಒಡ್ಡೋಲಗ, ಅಂದರೆ ಅವರು ಮೊದಲು ರಂಗಕ್ಕೆ ಬರುವುದು, ನೋಡಿದ್ದೀರಾ? ಐದು ಜನ ತೆರೆ ಹಿಡಿಸಿಕೊಂಡು ಬರುತ್ತಾರೆ. ಧರ್ಮರಾಯನ ಗತ್ತು ಬೇರೆ, ಭೀಮನದು ಬೇರೆ, ಅರ್ಜುನನದು ಬೇರೆ. ಒಂದು ಮಾತಾಡುವ ಮೊದಲೇ ಯಾರು ಯಾರೆಂದು ನಿಮಗೆ ಗೊತ್ತಾಗಿರುತ್ತದೆ. ಆಮೇಲೆ ಭಾಗವತರು ಮಾತಾಡಿಸುತ್ತಾರೆ. ಇದಕ್ಕಿಂತ ಚೆನ್ನಾಗಿ ಒಂದು ತಂಡವನ್ನು ಪರಿಚಯಿಸುವುದು ಹೇಗೆ? ನಿಮ್ಮ ಮೊದಲ ಸಂಚಿಕೆಯಲ್ಲಿ ಮೂವರಿಗೂ ಹೆಸರು, ಊರು, ಶಕ್ತಿ ಎಲ್ಲ ಡಬ್ಬಿಯೊಳಗೆ ಬರೆದಿದ್ದೀರಿ, ರೇಷನ್ ಕಾರ್ಡಿನ ಹಾಗೆ.

ಇನ್ನೊಂದು ಮಾತು. ಯಾವ ಮೇಳದ ಹ್ಯಾಂಡ್‌ಬಿಲ್ಲಿನಲ್ಲಾದರೂ "ಇಂದು ರಾತ್ರಿ ಮಹಾಭಾರತ" ಎಂದು ನೋಡಿದ್ದೀರಾ? ಇಲ್ಲ. ಗದಾಯುದ್ಧ, ಕೃಷ್ಣ ಸಂಧಾನ, ಭೀಷ್ಮ ವಿಜಯ, ಅಭಿಮನ್ಯು ಕಾಳಗ. ಹೆಸರು ಕೇಳಿದರೇ ಈ ರಾತ್ರಿ ಯಾರದು ಎಂದು ಗೊತ್ತಾಗುತ್ತದೆ. ಗದಾಯುದ್ಧದಲ್ಲಿ ನಕುಲ ಸಹದೇವರು ಏನು ಮಾಡುತ್ತಾರೆ? ನಿಂತಿರುತ್ತಾರೆ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಿಮ್ಮ ಆರು ಸಂಚಿಕೆಗೆ ಪ್ರಸಂಗದ ಹೆಸರು ಇಡಿ ನೋಡೋಣ. ಐದನೆಯದನ್ನು ಬಿಟ್ಟರೆ ಯಾವುದಕ್ಕೂ ಆಗುವುದಿಲ್ಲ. ಅದಕ್ಕೇ ಆ ಪ್ರೇಮದ ಸಂಚಿಕೆ ನಾನು ಪೂರ್ತಿ ಓದಿದೆ, ಈ ವಯಸ್ಸಿನಲ್ಲಿ!


ಬಂಗಡೆ_ಫ್ರೈ

ಗಾಳಿ ಅಣ್ಣ, ಪೆಟ್ರೋಲ್ ರೇಟ್ ಹೆಚ್ಚಾದರೂ ನೀವು ಯಕ್ಷಗಾನದಿಂದಲೇ ಉದಾಹರಣೆ ಕೊಡುತ್ತೀರಿ. ಆದರೆ ಇದು ಒಪ್ಪಿದೆ.


ಬನವಾಸಿ_ಅಕ್ಕ

ನಾನು ಕಾಮಿಕ್ಸ್ ಓದುವವಳಲ್ಲ. ಮಗ ತೋರಿಸಿದ ಅಂತ ಇಲ್ಲಿ ಬಂದೆ. ಮೂರನೇ ಸಂಚಿಕೆಯಲ್ಲಿ ನಮ್ಮ ಊರು ಬಂದಿದೆಯಲ್ಲ, ಅದಕ್ಕೆ ಎರಡು ಮಾತು.

ಗಾಳಿಯವರು ಹೇಳಿದ್ದನ್ನೇ ಪಂಪ 941ರಲ್ಲಿ ಮಾಡಿದ್ದಾನೆ. ಇಡೀ ಭಾರತದ ಕತೆ ಎತ್ತಿಕೊಂಡ, ಆದರೆ ಅದು ಅರ್ಜುನನ ಕತೆ ಎಂದು ಮೊದಲೇ ತೀರ್ಮಾನ ಮಾಡಿದ. ಎಷ್ಟರ ಮಟ್ಟಿಗೆ ಅಂದರೆ ದ್ರೌಪದಿಯನ್ನೂ ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಉಳಿದ ನಾಲ್ವರ ಜಾಗ ಕಡಿಮೆಯಾಯಿತು, ಅವನು ಲೆಕ್ಕಿಸಲಿಲ್ಲ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಾಣಿಸಬೇಕಿತ್ತು, ಅದು ಕಾರಣ. ರನ್ನ ಇನ್ನೂ ಕಟ್ಟುನಿಟ್ಟು. ಭೀಮ ದುರ್ಯೋಧನರ ಗದಾಯುದ್ಧವನ್ನು ಹಿಡಿದುಕೊಂಡ. ಹಿಂದಿನ ಕತೆ ಬೇಕಾದಾಗ ಸಿಂಹ ಹಿಂದಿರುಗಿ ನೋಡಿದ ಹಾಗೆ ಒಮ್ಮೆ ನೋಡಿ ಮುಂದೆ ಹೋದ.

ತಮಾಷೆ ಎಂದರೆ, ಪಂಪಭಾರತ ಓದಿದವರು ಕೊನೆಗೆ ನೆನಪಿಟ್ಟುಕೊಳ್ಳುವುದು ಕರ್ಣನನ್ನು. ಹಾಗಾಗಿ ಒಬ್ಬನನ್ನು ನಡುವೆ ನಿಲ್ಲಿಸಿದರೆ ಉಳಿದವರು ಸಾಯುತ್ತಾರೆ ಎಂದು ಹೆದರಬೇಡಿ. ನಡುವೆ ಒಬ್ಬ ನಿಂತರೆ ಅವನ ಎದುರು ಇನ್ನೊಬ್ಬ ಎದ್ದು ಕಾಣುತ್ತಾನೆ.

ಮತ್ತೆ, ಬನವಾಸಿಯಲ್ಲಿ ಎಂಟು ಜನ ಬಂದು ಮಧುಕೇಶ್ವರ ದೇವಸ್ಥಾನದ ಎದುರು ಫೋಟೋಕ್ಕೆ ನಿಂತ ಹಾಗೆ ನಿಂತು ಹೋದರು. ಟೂರಿಸ್ಟ್ ಬಸ್ಸಿನವರು ಇದಕ್ಕಿಂತ ಜಾಸ್ತಿ ಹೊತ್ತು ಇರುತ್ತಾರೆ.


ಬಂಗಡೆ_ಫ್ರೈ

ಸ್ಪಾನ್ಸರ್ ಇದ್ದರೆ ಫೋಕಸ್ ತಾನಾಗಿ ಬರುತ್ತದೆ ಅಂತಾಯಿತು. ಕಾಳಿದಂಡೆ, ಒಬ್ಬ ಅರಿಕೇಸರಿಯನ್ನು ಹುಡುಕು.


ಕರಿ_ಇಶಾಡ (ಅಂಕೋಲಾ), ಸೋಮವಾರ ರಾತ್ರಿ

ನಾಲ್ಕನೇ ಸಂಚಿಕೆ ಬಗ್ಗೆ ಯಾರೂ ಹೇಳಿಲ್ಲ. ನಾನು ಹೇಳಬೇಕು.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಂತು. ಮಣ್ಣು ಗಂಗಾವಳಿ ಹೊಳೆಯವರೆಗೂ ಹೋಯಿತು. ಹೊಳೆಯಲ್ಲಿ ಹುಡುಕಾಟ ಸೆಪ್ಟೆಂಬರ್‌ವರೆಗೆ ನಡೆಯಿತು. ನಮ್ಮ ಮನೆಯಿಂದ ಅದು ದೂರ ಏನಲ್ಲ. ಈಗಲೂ ಜೋರು ಮಳೆ ಬಂದ ರಾತ್ರಿ ನಾವು ಯಾರೂ ಸರಿಯಾಗಿ ನಿದ್ದೆ ಮಾಡುವುದಿಲ್ಲ.

ನಿಮ್ಮ ಪುಸ್ತಕದಲ್ಲಿ ಗುಡ್ಡ ಕುಸಿಯುವುದನ್ನು ತುಂಬಾ ಚೆನ್ನಾಗಿ ಬಿಡಿಸಿದ್ದಾರೆ. ಆ ಪುಟ ನೋಡಿ ನನ್ನ ಕೈ ತಣ್ಣಗಾಯಿತು. ಮುಂದಿನ ಪುಟದಲ್ಲಿ ಯಾಣದ ಹುಡುಗಿ ಕೈ ಎತ್ತಿ ಬಂಡೆ ನಿಲ್ಲಿಸುತ್ತಾಳೆ. ಅದರ ಮುಂದಿನ ಪುಟದಲ್ಲಿ ಎಲ್ಲರೂ ನಗುತ್ತಾ ಚಹಾ ಕುಡಿಯುತ್ತಾರೆ. ಆಮೇಲೆ ಹಾರುವ ತಟ್ಟೆ.

ನೀವು ಬೇಕೆಂದು ಮಾಡಿಲ್ಲ, ಗೊತ್ತು. ಆದರೆ ಗುಡ್ಡವನ್ನು ತಂದ ಮೇಲೆ ಅಲ್ಲಿ ನಿಲ್ಲಬೇಕಿತ್ತು. ಅಂಕೋಲೆಯ ಉಪ್ಪಿನ ಹುಡುಗಿ ಆ ಸಂಚಿಕೆಯಲ್ಲಿ ಒಂದು ಮಾತೂ ಆಡುವುದಿಲ್ಲ. ಅವಳದೇ ಊರು ಅದು.


ಕಾಳಿದಂಡೆ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕ್ಷಮಿಸಿ ಅಕ್ಕ. ಆ ಸಂಚಿಕೆ ಬರೆದದ್ದು ನಾನೇ.


ಪೆನ್ಸಿಲ್_ಮಾತ್ರ, ಮಂಗಳವಾರ ನಸುಕು

ನಾನು ಈ ಕಾಮಿಕ್ಸಿನ ಚಿತ್ರ ಬಿಡಿಸುವವನು. ಎಲ್ಲ ಓದಿದೆ. ಎರಡು ದಿನ ಸುಮ್ಮನಿದ್ದೆ, ಇನ್ನು ಆಗುವುದಿಲ್ಲ.

ಮೊದಲು ಲೆಕ್ಕ. 16 ಪುಟದಲ್ಲಿ ಮುಖಪುಟ, ಹಿಂಪುಟ ಬಿಟ್ಟರೆ 14. ಪುಟಕ್ಕೆ ಐದು ಪ್ಯಾನೆಲ್ ಎಂದರೆ 70. ಎಂಟು ಹೀರೋಗಳಿಗೆ ಹಂಚಿದರೆ ಒಬ್ಬೊಬ್ಬರಿಗೆ ಒಂಬತ್ತೂ ಬರುವುದಿಲ್ಲ. ಖಳನಾಯಕ ರಸ್ತೆಯಲ್ಲಿ ನಿಲ್ಲಬೇಕು. ಅಮೆರಿಕದ ತಿಂಗಳ ಸಂಚಿಕೆಗೇ 20-22 ಪುಟ ಇರುತ್ತದೆ, ಅವರಿಗೇ ಕಷ್ಟ. ಭಟ್ಕಳ, ಮುಂಡಗೋಡ ಸೇರಿದರೆ ತಲೆಗೆ ಏಳು.

ಎಂಟು ಜನರನ್ನು ಒಂದೇ ಪ್ಯಾನೆಲ್‌ನಲ್ಲಿ ಬಿಡಿಸುವುದು ಎಂದರೇನು ಗೊತ್ತಾ? ಹಿಂದಿನ ಸಾಲಿನವರಿಗೆ ಮುಖ ಇರುವುದಿಲ್ಲ, ಬರೀ ತಲೆ. ಮೇಲೆ ಎಂಟು ಮಾತಿನ ಗುಳ್ಳೆ. ನಾನು ಬಿಡಿಸಿದ ಸಮುದ್ರ ಆ ಗುಳ್ಳೆಗಳ ಅಡಿಯಲ್ಲಿ ಮುಳುಗಿತು. ಚಾಪಲ್ ಹಾರುವ ಒಂದೇ ಪುಟಕ್ಕೆ ನಾಲ್ಕು ರಾತ್ರಿ ಹಿಡಿಯಿತು. ಕಡಲತೀರಕ್ಕೆ ಹೋಗಿ ನಿಂತು ಪ್ರತಿ ಕಂಬಿ ನೋಡಿ ಬರೆದೆ. ಅದು ಯಾಕೆ ಹಾರುತ್ತದೆ ಎಂದು ಯಾರೂ ನನಗೆ ಹೇಳಲಿಲ್ಲ.

ಈಗ ನಿಜವಾದ ಕಾರಣ. ಕಾಳಿದಂಡೆ ಇದನ್ನು ಮೇಲೆ ಬರೆದೇ ಇಲ್ಲ. ನಮ್ಮಲ್ಲಿ ಕತೆ ಬರೆಯುವವರು ಮೂವರು. ಸರದಿ ಪ್ರಕಾರ. ಒಂದು, ನಾಲ್ಕು ಒಬ್ಬರದು. ಎರಡು, ಐದು ಇನ್ನೊಬ್ಬರದು. ಮೂರು, ಆರು ಮತ್ತೊಬ್ಬರದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವುದು ನಾನು ಚಿತ್ರ ಮುಗಿಸಿದ ಮೇಲೆ. ನಾಲ್ಕರ ಕೊನೆಯಲ್ಲಿ ಅನ್ಯಗ್ರಹದವರು ಬಂದದ್ದು ಯಾಕೆ ಗೊತ್ತಾ? ಐದನೆಯದನ್ನು ಬರೆಯುವವನು "ನನಗೆ ಏಲಿಯನ್ ಬೇಕು, ಒಂದು ಪುಟ ಬಿಡು" ಎಂದು ಕೇಳಿದ್ದ. ಪುಟ ಬಿಟ್ಟರು. ಅಷ್ಟರಲ್ಲಿ ಅವನ ನಿಶ್ಚಿತಾರ್ಥ ಆಯಿತು. ಅವನು ಪ್ರೇಮಕತೆ ಬರೆದ.


ಬಂಗಡೆ_ಫ್ರೈ

😂😂 ನಿಶ್ಚಿತಾರ್ಥಕ್ಕೆ ಶುಭಾಶಯ. ಏಲಿಯನ್‌ಗಳಿಗೆ ಊಟ ಹಾಕಿದಿರಾ?


ಹಳೇ_ಸಂಚಿಕೆ

ಪೆನ್ಸಿಲ್ ತಮ್ಮ ರೋಗದ ಮೇಲೆ ನೇರ ಬೆರಳಿಟ್ಟ. ದೊಡ್ಡ ಕಂಪನಿಗಳಲ್ಲೂ ಇದೇ ನಡೆಯುತ್ತದೆ, ಬೇರೆ ರೂಪದಲ್ಲಿ. 1984-85ರ ಹೊತ್ತಿಗೆ ಎಲ್ಲ ಹೀರೋಗಳೂ ಸೇರುವ 12 ಸಂಚಿಕೆಗಳ ದೊಡ್ಡ ಕತೆಗಳು ಬಂದವು, ಮಾರ್ವೆಲ್‌ನಲ್ಲೂ ಡಿಸಿಯಲ್ಲೂ. ಮಾರ್ವೆಲ್‌ನದು ಆಟಿಕೆ ಮಾರುವವರ ಜೊತೆಗಿನ ಒಪ್ಪಂದದಿಂದ ಹುಟ್ಟಿದ್ದು. ಚೆನ್ನಾಗಿ ಹೋದವು. ಆಮೇಲೆ ಅದೇ ಅಭ್ಯಾಸವಾಯಿತು. ಯಾವುದೋ ತಂಡದ ಕತೆ ಅದರ ಪಾಡಿಗೆ ನಡೆಯುತ್ತಿರುತ್ತದೆ, ನಡುವೆ ಕಂಪನಿಯ ಮಹಾಯುದ್ಧ ಬಂದು ಎರಡು ತಿಂಗಳು ಎಲ್ಲರನ್ನೂ ಎಳೆದುಕೊಂಡು ಹೋಗುತ್ತದೆ.

ದೊಡ್ಡ ಹೆಸರು ಬೇಕಾ, ಚಿಕ್ಕ ಹೆಸರು ಬೇಕಾ ಎನ್ನುವುದಲ್ಲ ಪ್ರಶ್ನೆ. ಜಸ್ಟಿಸ್ ಲೀಗ್ ಒಂದನ್ನೇ ನೋಡಿ. 1984ರಲ್ಲಿ ಹೊಸ ಮುಖಗಳನ್ನು ತಂದು ಡೆಟ್ರಾಯ್ಟ್‌ಗೆ ಹೋದರು, ಓದುಗರು ಒಪ್ಪಲಿಲ್ಲ, 1987ಕ್ಕೆ ಆ ಪುಸ್ತಕವೇ ನಿಂತಿತು. ಅದೇ 1987ರಲ್ಲಿ ಗಿಫೆನ್, ಡಿಮ್ಯಾಟಿಸ್ ಮತ್ತೆ ಹೆಚ್ಚಾಗಿ ಎರಡನೇ ಸಾಲಿನವರನ್ನೇ ಇಟ್ಟುಕೊಂಡು ಶುರು ಮಾಡಿದರು. ಗೆದ್ದಿತು. ಯಾಕೆ? ಇದು ಒಂದೇ ಆಫೀಸಿನಲ್ಲಿ ಜಗಳ ಮಾಡಿಕೊಂಡು ಕೆಲಸ ಮಾಡುವವರ ಹಾಸ್ಯ ಎಂದು ತೀರ್ಮಾನ ಮಾಡಿದ್ದರು. ಹತ್ತು ವರ್ಷದ ನಂತರ, 1997ರಲ್ಲಿ, ಗ್ರಾಂಟ್ ಮಾರಿಸನ್ ಪೂರ್ತಿ ಉಲ್ಟಾ ಮಾಡಿದರು. ಏಳು ದೊಡ್ಡವರು, ಮನೆ ಮಠದ ಮಾತೇ ಕಡಿಮೆ, ಆಕಾಶ ಬೀಳುವಂಥ ಗಂಡಾಂತರ. ಅದೂ ಗೆದ್ದಿತು. ಎರಡೂ ಕಡೆ ಇದು ಯಾವ ರೀತಿಯ ಪುಸ್ತಕ ಎಂದು ಬರೆಯುವವರಿಗೆ ಗೊತ್ತಿತ್ತು.


ಗೇರುಸೊಪ್ಪೆ_ಗಾಳಿ

ಅಂದರೆ ನಿಮ್ಮಲ್ಲಿ ಮೂವರು ಭಾಗವತರು, ಮೂರು ತಾಳ, ಒಂದೇ ರಂಗ. ಪಾಪ, ವೇಷ ಕಟ್ಟಿದವನು ಯಾವ ಪದಕ್ಕೆ ಕುಣಿಯಬೇಕು? ನಮ್ಮಲ್ಲಿ ಭಾಗವತರು ಬದಲಾಗುತ್ತಾರೆ, ಇಲ್ಲವೆಂದಲ್ಲ. ಬೆಳಗಿನ ಜಾವಕ್ಕೆ ಬೇರೆಯವರು ಕೂರುತ್ತಾರೆ. ಆದರೆ ಕೈಯಲ್ಲಿ ಇರುವುದು ಅದೇ ಪ್ರಸಂಗದ ಪುಸ್ತಕ.


ಕಾಳಿದಂಡೆ

ಒಪ್ಪಿದೆ. ಸರದಿಯ ವಿಷಯ ಬೇಕೆಂದೇ ಬಿಟ್ಟಿದ್ದೆ. ಮೂವರೂ ಬಾಲ್ಯದ ಗೆಳೆಯರು. "ನೀನು ಬರೆಯಬೇಡ" ಎಂದು ಯಾರಿಗೆ ಹೇಳುವುದು? ತಾಲೂಕಿಗೊಬ್ಬ ಹೀರೋ ಆದದ್ದೂ ಹೀಗೇ. ಯಾರಿಗೂ ಬೇಡ ಎನ್ನಲಾಗಲಿಲ್ಲ.

ಪೆನ್ಸಿಲ್, ಚಾಪಲ್ ಪುಟಕ್ಕೆ ನಾಲ್ಕು ರಾತ್ರಿ ಅಂತ ನೀನು ನನಗೆ ಹೇಳಿರಲಿಲ್ಲ.


ಪೆನ್ಸಿಲ್_ಮಾತ್ರ

ನೀನು ಕೇಳಿರಲಿಲ್ಲ.


ತೋಟದ_ಹಾದಿ (ಸಿದ್ದಾಪುರ), ಮಂಗಳವಾರ ಮಧ್ಯಾಹ್ನ

ನನ್ನ ಮಗಳು ಏಳನೇ ಕ್ಲಾಸು. ಅವಳು ನಿಮ್ಮ ಪುಸ್ತಕ ಓದುವುದು ಕೊನೆಗೌಡನಿಗಾಗಿ. ಉಳಿದ ಪುಟ ಹಾರಿಸುತ್ತಾಳೆ. ಅವಳು ಎರಡು ತಪ್ಪು ಹಿಡಿದಿದ್ದಾಳೆ, ಬರೆಯಲು ಹೇಳಿದ್ದಾಳೆ.

ಒಂದು, ಎರಡನೇ ಸಂಚಿಕೆಯಲ್ಲಿ ಅವನ ಕಾಲಿಗೆ ತಳೆ ಇಲ್ಲ. ತಳೆ ಹಾಕದೆ ಅಡಿಕೆ ಮರ ಹತ್ತುವುದು ಹೇಗೆ? ಸೂಪರ್‌ಹೀರೋ ಆದರೇನು, ಮರ ಮರವೇ ಅಲ್ವಾ.

ಇನ್ನೊಂದು ನನಗೆ ಹೊಳೆದೇ ಇರಲಿಲ್ಲ. "ಅಪ್ಪಾ, ಕೆಳಗೆ ಹಗ್ಗ ಹಿಡಿಯುವವರು ಯಾರು?" ಎಂದು ಕೇಳಿದಳು. ತೋಟ ನೋಡದವರಿಗೆ ಹೇಳುತ್ತೇನೆ. ಕೊನೆಗೌಡ ಒಂದು ಮರ ಹತ್ತಿದರೆ ಇಳಿಯುವುದೇ ಇಲ್ಲ. ಮರವನ್ನು ಬಗ್ಗಿಸಿ ಪಕ್ಕದ ಮರ ಹಿಡಿದು ದಾಟುತ್ತಾನೆ. ಕೊನೆ ಕೊಯ್ದು ಹಗ್ಗಕ್ಕೆ ಬಿಡುತ್ತಾನೆ, ಅದು ಹಗ್ಗದ ಗುಂಟ ಜಾರಿ ಬರುತ್ತದೆ. ಕೆಳಗೆ ಒಬ್ಬ ಆ ಹಗ್ಗ ಬಿಗಿಯಾಗಿ ಹಿಡಿದು ಕೊನೆಯನ್ನು ಕೈಗೆ ತೆಗೆದುಕೊಳ್ಳಬೇಕು. ಇಲ್ಲವಾದರೆ ಅಡಿಕೆಯೆಲ್ಲ ನೆಲಕ್ಕೆ ಉದುರುತ್ತದೆ. ಮೇಲಿನವನಿಗೆ ಕೆಳಗಿನದು ಪೂರ್ತಿ ಕಾಣುವುದಿಲ್ಲ, ಕೆಳಗಿನವನಿಗೆ ಹತ್ತಲು ಬರುವುದಿಲ್ಲ. ಕೂಗಿನಲ್ಲೇ ಎಲ್ಲ ಮಾತು. ಜೋಡಿ ಸರಿ ಇಲ್ಲದಿದ್ದರೆ ಕೊಯ್ಲಿಗೆ ಬರುವುದಿಲ್ಲ ಎನ್ನುವ ಕೊನೆಗೌಡರನ್ನು ನಾನೇ ನೋಡಿದ್ದೇನೆ. ಅದಕ್ಕೆ ಮನೆಯವರೂ ಮರುಮಾತಾಡುವುದಿಲ್ಲ.

ನಿಮ್ಮ ಕೊನೆಗೌಡನಿಗೆ ಕೆಳಗೆ ಯಾರೂ ಇಲ್ಲ.


ದೇವಬಾಗ್_ಮರಳು

ಓಹ್.

ಮೇಲಿನಿಂದ ಕೂಗು ಬರುತ್ತದೆ, ಕೆಳಗಿನವನಿಗೆ ಅದು ಕೇಳಬೇಕು. ನಿಮ್ಮ ಬೈತಖೋಲ್ ಹುಡುಗನಿಗೆ ಕಿವಿಯ ಶಕ್ತಿ ಇದೆಯಲ್ಲ!


ಹಳೇ_ಸಂಚಿಕೆ

ಆದರೆ ಅದು ನೀರಿನೊಳಗಿನ ಸದ್ದಿಗೆ ಮಾತ್ರ. ತೋಟಕ್ಕೆ ಬಂದರೆ ಅವನು ಕಿವುಡನಿಗೆ ಸಮ. ಅದೇ ಒಳ್ಳೆಯದು, ಬಿಡಿ. ಸಮುದ್ರದ ಹುಡುಗ, ಘಟ್ಟದ ಮೇಲೆ ಬಂದಿದ್ದಾನೆ, ಅವನ ಶಕ್ತಿ ಇಲ್ಲಿ ನಡೆಯುವುದಿಲ್ಲ, ಕೈಯಲ್ಲಿ ಬೇರೆಯವನ ಹಗ್ಗ ಇದೆ. ಇದು ಒಂದು ಸಂಚಿಕೆಗೆ ಧಾರಾಳ ಸಾಕು.


ಬನವಾಸಿ_ಅಕ್ಕ

ಆ ಹುಡುಗ ಘಟ್ಟ ಹತ್ತಿದ್ದು ಯಾಕೆ ಎಂದು ಮಾತ್ರ ಮೊದಲೇ ಹೇಳಿಬಿಡಿ.


ಕಾಳಿದಂಡೆ, ಬುಧವಾರ ರಾತ್ರಿ

ನಿನ್ನೆ ಸಂಜೆ ನಾಲ್ವರೂ ಸೇರಿದೆವು. ಜಗಳ ಆಯಿತು, ಆಮೇಲೆ ಮೀನೂಟ ಆಯಿತು. ಏಳನೇ ಸಂಚಿಕೆ ಹೀಗಿರಲಿ ಎಂದು ಮಾತಾಗಿದೆ.

ಸಮುದ್ರದಲ್ಲಿ ಮೀನಿಲ್ಲ. ಮೊದಲ ಸಂಚಿಕೆಯ ಆ ಮೀನೇ. ಬೈತಖೋಲ್‌ನಲ್ಲಿ ಬೋಟು ನಿಂತಿದೆ, ಕೆಲಸ ಇಲ್ಲ. ಹುಡುಗ ಅಡಿಕೆ ಕೊಯ್ಲಿನ ಕೂಲಿಗೆ ಶಿರಸಿಗೆ ಹೋಗುತ್ತಾನೆ. ಅಲ್ಲಿ ಕೊನೆಗೌಡನ ಹಗ್ಗ ಹಿಡಿಯುವ ಕೆಲಸ. ಮೊದಲ ದಿನವೇ ಒಂದು ಕೊನೆ ಬೀಳಿಸುತ್ತಾನೆ. 14 ಪುಟವೂ ಒಂದೇ ತೋಟದಲ್ಲಿ. ಇಬ್ಬರೇ. ಉಳಿದ ಆರು ಜನರ ಹೆಸರೂ ಬರುವುದಿಲ್ಲ. ಖಳ ಯಾರೆಂದು ಮೂವರಿಗೂ ಒಪ್ಪಿಗೆಯಾಗಿಲ್ಲ. ಒಪ್ಪಿಗೆಯಾಗದಿದ್ದರೆ ಈ ಸಲ ಖಳ ಇಲ್ಲದೆಯೇ ಹೋಗುವುದು.

ಬರೆಯುವುದು ನಮ್ಮಲ್ಲಿ ಒಬ್ಬ, ನಾನಲ್ಲ. ಐದನೆಯದನ್ನು ಬರೆದವನು. ಗಾಳಿ ಅಣ್ಣ ಪೂರ್ತಿ ಓದಿದ ಒಂದೇ ಸಂಚಿಕೆ ಅವನದು, ಅದಕ್ಕೆ. ನಾನೂ ಇನ್ನೊಬ್ಬನೂ ಓದಿ ಪ್ರಶ್ನೆ ಕೇಳುವುದು ಮಾತ್ರ, ಅದೂ ಪೆನ್ಸಿಲ್ ಕೈಗೆ ಹೋಗುವ ಮೊದಲು. ಸ್ವಲ್ಪ ಹೊಟ್ಟೆ ಉರಿಯುತ್ತಿದೆ, ಸುಳ್ಳು ಹೇಳುವುದಿಲ್ಲ.

@ಕರಿ_ಇಶಾಡ ನಾಲ್ಕನೇ ಸಂಚಿಕೆಯನ್ನು ಇನ್ನು ಯಾರಿಗೂ ಕೊಡುವುದಿಲ್ಲ. ಗುಡ್ಡದ ಕತೆಯನ್ನು ಉಪ್ಪಿನ ಹುಡುಗಿಯ ಕಣ್ಣಿನಿಂದ ಮತ್ತೆ ಬರೆಯಬೇಕು ಎಂದಿದೆ. ಈಗಲೇ ಅಲ್ಲ. ಬರೆದ ಮೇಲೆ ಮೊದಲು ನಿಮಗೆ ಓದಲು ಕಳಿಸಬಹುದಾ?


ಕರಿ_ಇಶಾಡ

ಕಳಿಸಿ. ಮಳೆಗಾಲದಲ್ಲಿ ಬೇಡ.


ಪೆನ್ಸಿಲ್_ಮಾತ್ರ

ಅಡಿಕೆ ಮರ ಬಿಡಿಸುವುದು ಸುಲಭ ಅಂತ ಖುಷಿಯಾಗಿದ್ದೆ. ಇವತ್ತು ತಳೆಯ ಫೋಟೋ ಹುಡುಕುತ್ತಾ ಕೂತೆ, ಒಂದೂ ಸರಿಯಾಗಿ ಕಾಣುವುದಿಲ್ಲ. @ತೋಟದ_ಹಾದಿ ಅಣ್ಣ, ಈ ಭಾನುವಾರ ತೋಟಕ್ಕೆ ಬರಬಹುದಾ?


ತೋಟದ_ಹಾದಿ

ಬನ್ನಿ. ಊಟಕ್ಕೆ ಇಲ್ಲೇ. ಮಗಳು ನಿಮಗೆ ಹಗ್ಗ ಹಿಡಿಯುವುದು ಕಲಿಸುತ್ತಾಳಂತೆ.


ಭಟ್ಕಳ_ಲೋಕಲ್

ಹಾಗಾದರೆ ನಮ್ಮವನು ಏಳರಲ್ಲೂ ಇಲ್ಲ. ಅಡ್ಡಿಲ್ಲ, ಕಾಯುತ್ತೇವೆ. ಆದರೆ ಈಗಲೇ ಹೇಳಿಬಿಡುತ್ತೇನೆ, ಬರುವಾಗ ಅವನಿಗೆ ಮಲ್ಲಿಗೆ ಹೂವಿನ ಶಕ್ತಿ ಮಾತ್ರ ಕೊಡಬೇಡಿ.


ಕಾಳಿದಂಡೆ

...ಅದನ್ನೇ ಬರೆದಿಟ್ಟಿದ್ದೆವು.